ಹಾಸು ಹೊಕ್ಕಿನ ಅಕ್ಷರ

ಕಾರ್ತಿಕ ಮಾಸ ಬಂತೆಂದರೆ ನಮ್ಮ ಅಂಗಡಿಯಲ್ಲಿ ಕೂರಲು ಜಾಗ ಇರುವುದಿಲ್ಲ. ಅವೆನ್ಯೂ ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿ. ಕಿರಿದಾದ ಮೆಟ್ಟಿಲು ಹತ್ತಿದರೆ ಮೊದಲನೇ ಮಹಡಿ. ಒಂದು ಕಡೆ ಗೋಡೆ ತುಂಬಾ ಲಗ್ನಪತ್ರಿಕೆಯ ಸ್ಯಾಂಪಲ್, ಇನ್ನೊಂದು ಕಡೆ ನನ್ನ ಕಂಪ್ಯೂಟರ್. 18 ವರ್ಷದಿಂದ ಅಲ್ಲೇ ಕೂತು ಅಕ್ಷರ ಜೋಡಿಸುತ್ತಿದ್ದೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಯ ಸರ್ಟಿಫಿಕೇಟು, ಅಂಗಡಿಯ ಬಿಲ್ ಬುಕ್ಕು. ಯಾವುದಕ್ಕೆ ಯಾವ ಅಕ್ಷರ ಹೊಂದುತ್ತದೆ ಎಂದು ಯೋಚಿಸುವುದೇ ನನ್ನ ದಿನ.

ಹೋದ ವರ್ಷ ಒಬ್ಬ ಮದುವೆ ಗಂಡು ಅಮ್ಮನ ಜೊತೆ ಬಂದ. ಕಪ್ಪು ಟೀ ಶರ್ಟು, ಅದರ ಮೇಲೆ ಯಾವುದೋ ಮೆಟಲ್ ಬ್ಯಾಂಡಿನ ಹೆಸರು. 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಿದ್ದಾಗ ಕಾಲೇಜಿಗೆ ಚಕ್ಕರ್ ಹಾಕಿ ಹೋಗಿದ್ದನಂತೆ. ತನ್ನ ಎದೆಯ ಮೇಲಿನ ಅಕ್ಷರವನ್ನೇ ಬೆರಳಿಟ್ಟು ತೋರಿಸಿದ.

“ಅಕ್ಕಾ, ನಮ್ಮಿಬ್ಬರ ಹೆಸರು ಈ ಥರ ಬರಬೇಕು. ಇಂಗ್ಲಿಷ್ ಕಡೆನೂ, ಕನ್ನಡ ಕಡೆನೂ.”

“ಇಂಗ್ಲಿಷ್‌ನಲ್ಲಿ ಆಗುತ್ತಪ್ಪಾ. ಕನ್ನಡದಲ್ಲಿ ಇದು ಇಲ್ಲ.”

“ಯಾಕಿಲ್ಲ?”

ಉತ್ತರ ನನ್ನ ಬಾಯಿಗೆ ಬರಲಿಲ್ಲ. ಅವನ ಅಮ್ಮ ಮಾತ್ರ ಪಕ್ಕದಿಂದ, “ಏನಾದ್ರೂ ಮಾಡಮ್ಮಾ, ಕಪ್ಪು ಬಣ್ಣ ಮಾತ್ರ ಬೇಡ” ಎಂದರು. ಅವತ್ತಿನಿಂದ ಆ ‘ಯಾಕಿಲ್ಲ’ ನನ್ನ ತಲೆಯಲ್ಲಿ ಕೂತಿತು. ಈ ಬರಹ ಅದರದ್ದೇ.

ಆ ಅಕ್ಷರವನ್ನು ನೀವೂ ನೋಡಿರುತ್ತೀರಿ. ದಪ್ಪ, ಕಿರಿದು, ಮೊನೆಮೊನೆಯಾದ ಕಪ್ಪು ಅಕ್ಷರ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಸರು ಇರುವುದು ಇದರಲ್ಲೇ. ಇಂಗ್ಲಿಷ್‌ನಲ್ಲಿ ಬ್ಲ್ಯಾಕ್‌ಲೆಟರ್ ಎನ್ನುತ್ತಾರೆ, ಗೋಥಿಕ್ ಎನ್ನುವವರೂ ಇದ್ದಾರೆ. ನಮ್ಮ ಕಡೆ ಇದು ‘ಓಲ್ಡ್ ಇಂಗ್ಲಿಷ್’, ಇಲ್ಲವೇ ಸುಮ್ನೆ ‘ಸರ್ಟಿಫಿಕೇಟ್ ಅಕ್ಷರ’. ಆಫೀಸ್ ಸಾಫ್ಟ್‌ವೇರ್ ಜೊತೆ ಬರುವ ‘ಓಲ್ಡ್ ಇಂಗ್ಲಿಷ್ ಟೆಕ್ಸ್ಟ್’ ಎಂಬ ಫಾಂಟು ಸಾಕಷ್ಟು ಕಂಪ್ಯೂಟರ್‌ಗಳಲ್ಲಿ ಇರುವುದರಿಂದ ಆ ಹೆಸರೇ ಗಟ್ಟಿಯಾಯಿತು.

ಇದು ಹುಟ್ಟಿದ್ದು ಅಲಂಕಾರಕ್ಕಲ್ಲ. 12ನೇ ಶತಮಾನದ ಹೊತ್ತಿಗೆ ಯುರೋಪಿನಲ್ಲಿ ಪುಸ್ತಕದ ಬೇಡಿಕೆ ಜಾಸ್ತಿಯಾಯಿತು. ಬರೆಯುತ್ತಿದ್ದದ್ದು ಕರು, ಕುರಿ, ಮೇಕೆಗಳ ಚರ್ಮ ಹದ ಮಾಡಿದ ಹಾಳೆಯ ಮೇಲೆ. ಅದು ದುಬಾರಿ. ಹಾಗಾಗಿ ಮೊದಲು ದುಂಡಗಿದ್ದ ಅಕ್ಷರಗಳು ಒತ್ತೊತ್ತಾಗಿ, ಎತ್ತರಕ್ಕೆ, ಕಿರಿದಾಗಿ ಬೆಳೆದವು. ಲೇಖನಿ ಹಕ್ಕಿಯ ಗರಿಯದ್ದು. ತುದಿಯನ್ನು ಚಪ್ಪಟೆಯಾಗಿ ಕೊಯ್ದಿರುತ್ತಾರೆ. ಅದನ್ನು ಓರೆಯಾಗಿ ಹಿಡಿದು ಮೇಲಿಂದ ಕೆಳಕ್ಕೆ ಎಳೆದರೆ ದಪ್ಪ ಗೆರೆ, ತುದಿ ಓರೆಯಾಗಿರುವ ದಿಕ್ಕಿಗೇ ಜಾರಿಸಿದರೆ ಕೂದಲೆಳೆ. ಗೆರೆಯ ತಲೆಯಲ್ಲೂ ಬುಡದಲ್ಲೂ ಲೇಖನಿಯನ್ನು ಚೂರು ಸರಿಸಿದರೆ ವಜ್ರದಾಕಾರದ ಒಂದು ಮೊನೆ. ಅಷ್ಟೇ. ಇಡೀ ಲಿಪಿ ಹೆಚ್ಚುಕಮ್ಮಿ ಅದೊಂದೇ ಗೆರೆಯ ಮೇಲೆ ನಿಂತಿದೆ.

ಗೆರೆಯ ದಪ್ಪ ಎಷ್ಟೋ, ಎರಡು ಗೆರೆಗಳ ನಡುವಿನ ಬಿಳಿಯೂ ಅಷ್ಟೇ. ಹಳೇ ಮನೆಯ ಕಿಟಕಿಯ ಸರಳಿನ ಥರ. ‘ಮಿನಿಮಮ್’ ಎಂಬ ಪದವನ್ನು ಇದರಲ್ಲಿ ಬರೆದರೆ ಒಂದೇ ಸಮನೆ 15 ಕಡ್ಡಿ. ಎಲ್ಲಿ ‘ಎಂ’ ಮುಗಿಯಿತು, ಎಲ್ಲಿ ‘ಐ’ ಶುರುವಾಯಿತು ಗೊತ್ತಾಗುವುದಿಲ್ಲ. ಈ ತೊಂದರೆಗೇ ಬರೆಯುವವರು ‘ಐ’ ಮೇಲೆ ಒಂದು ಸಣ್ಣ ಗೀರು ಹಾಕತೊಡಗಿದರು. ಇವತ್ತು ನಾವು ಇಂಗ್ಲಿಷ್‌ನ ಸಣ್ಣ ‘ಐ’ ಮೇಲೆ ಇಡುವ ಚುಕ್ಕಿ ಅಲ್ಲಿಂದ ಬಂದದ್ದು. ಒಂದನೇ ತರಗತಿಯಲ್ಲಿ ಚುಕ್ಕಿ ಮರೆತದ್ದಕ್ಕೆ ಮೇಷ್ಟ್ರಿಂದ ಏಟು ತಿಂದವಳು ನಾನು. ಈ ಕಥೆ ತಿಳಿದ ದಿನ ತುಂಬ ಹೊತ್ತು ಆ ಚುಕ್ಕಿಯನ್ನೇ ನೋಡುತ್ತಾ ಕೂತಿದ್ದೆ.

ಈ ಲಿಪಿಯ ಅತಿ ಬಿಗಿಯಾದ ರೂಪಕ್ಕೆ ಟೆಕ್ಸ್ಟುರಾ ಎಂದು ಹೆಸರು. ಲ್ಯಾಟಿನ್‌ನಲ್ಲಿ ಹಾಗೆಂದರೆ ನೇಯ್ದದ್ದು. ಬಟ್ಟೆಗೆ ಟೆಕ್ಸ್‌ಟೈಲ್ ಎನ್ನುತ್ತೇವಲ್ಲ, ಅದೇ ಬೇರು. ಪುಟವನ್ನು ದೂರದಿಂದ ನೋಡಿದರೆ ಅಕ್ಷರ ಕಾಣುವುದಿಲ್ಲ, ಸಮನಾದ ಒಂದು ನೇಯ್ಗೆ ಕಾಣುತ್ತದೆ. ನಾನು ಹುಟ್ಟಿ ಬೆಳೆದದ್ದು ಕಬ್ಬನ್‌ಪೇಟೆಯಲ್ಲಿ. ಅಜ್ಜನ ಮನೆಯಲ್ಲಿ ಮಗ್ಗವಿತ್ತು. ಅಜ್ಜ ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಲ್ಲೂ ಸಡಿಲ ಇರಬಾರದು, ಎಲ್ಲೂ ಗಂಟು ಕಾಣಬಾರದು. ಹಾಸು ಹೊಕ್ಕು ಎರಡೂ ಸಮ ಇರಬೇಕು. ನಾನು ಈಗಲೂ ಒಂದು ಪುಟ ಮುಗಿಸಿದ ಮೇಲೆ ಕಣ್ಣನ್ನು ಅರ್ಧ ಮುಚ್ಚಿ ಹಾಗೇ ನೋಡುತ್ತೇನೆ.

ಈ ಲಿಪಿ ಎಲ್ಲರಿಗೂ ಹಿಡಿಸಿರಲಿಲ್ಲ. ಇಟಲಿಯ ಕವಿ ಪೆಟ್ರಾರ್ಕ್ 14ನೇ ಶತಮಾನದಲ್ಲೇ ದೂರಿದ್ದ. ಈ ಅಕ್ಷರ ದೂರದಿಂದ ಕಣ್ಣಿಗೆ ಚೆಂದ, ಹತ್ತಿರ ಬಂದರೆ ಕಣ್ಣಿಗೆ ದಣಿವು, ಓದುವುದಕ್ಕಲ್ಲದೆ ಬೇರೆ ಯಾವುದಕ್ಕೋ ಮಾಡಿದ ಹಾಗಿದೆ ಎಂಬ ಅರ್ಥದ ಮಾತು ಬರೆದಿದ್ದ. ಗೋಥಿಕ್ ಎಂಬ ಹೆಸರೂ ಇಟಲಿಯ ಪಂಡಿತರ ಇಂಥ ತಿರಸ್ಕಾರದಿಂದಲೇ ಬಂದದ್ದು. ನಾಗರಿಕತೆ ಇಲ್ಲದವರ ಬರಹ ಎಂಬ ಬೈಗುಳ ಅದು. ಅದೇ ಇಟಲಿಯಲ್ಲಿ ಈ ಲಿಪಿಯನ್ನು ಸ್ವಲ್ಪ ದುಂಡಗೆ ಮಾಡಿ ಬರೆದರು. ಅದು ರೊಟುಂಡಾ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುಟೆನ್‌ಬರ್ಗ್ 1455ರ ಸುಮಾರಿಗೆ ಜರ್ಮನಿಯ ಮೈಂಜ್ ಊರಿನಲ್ಲಿ ಬೈಬಲ್ ಅಚ್ಚು ಹಾಕಿದಾಗ ತೆಗೆದುಕೊಂಡದ್ದು ಟೆಕ್ಸ್ಟುರಾ ಅಕ್ಷರವನ್ನೇ. ಬಹುಪಾಲು ಪುಟಗಳಲ್ಲಿ ಎರಡು ಅಂಕಣ, ಅಂಕಣಕ್ಕೆ 42 ಸಾಲು. ಸಾಲಿನ ಬಲತುದಿ ಕತ್ತಿಯಿಂದ ಕೊಯ್ದ ಹಾಗೆ ನೇರ. ಇದಕ್ಕಾಗಿ ಅವನು ಒಂದೇ ಅಕ್ಷರಕ್ಕೆ ಅಗಲದ್ದು, ಕಿರಿದು, ಪಕ್ಕದ ಅಕ್ಷರಕ್ಕೆ ಅಂಟಿದ್ದು ಎಂದು ಹಲವು ಅಚ್ಚುಮೊಳೆ ಮಾಡಿಸಿದ್ದ. ಒಟ್ಟು ಸುಮಾರು 290 ಬಗೆ ಎಂದು ಲೆಕ್ಕ ಹಾಕಿದ್ದಾರೆ. ನಮ್ಮ ಅಂಗಡಿಯ ಯಜಮಾನರಿಗೆ ಇದನ್ನು ಹೇಳಿದೆ. ಅವರು ಹುಡುಗನಾಗಿದ್ದಾಗ ಮೊಳೆ ಜೋಡಿಸಿದವರು.

“ಇಂಗ್ಲಿಷಿನವರಿಗೆ ಇದು ದೊಡ್ಡ ವಿಷಯ ಅನ್ನಿಸಬಹುದಮ್ಮಾ,” ಎಂದರು. “ನಮಗೆ ಕನ್ನಡದಲ್ಲಿ ದಿನಾ ಅದೇ ಕೆಲಸ. ಮೊಳೆ ಪೆಟ್ಟಿಗೆಯಲ್ಲಿ ಒತ್ತಿಗೊಂದು ಮನೆ, ಕೊಂಬಿಗೊಂದು ಮನೆ, ಗುಡಿಸಿಗೊಂದು ಮನೆ. ಕಣ್ಣು ಮುಚ್ಚಿದರೂ ಕೈ ಹೋಗಬೇಕಿತ್ತು.”

ಇಂಗ್ಲೆಂಡಿನಲ್ಲೂ ಅಚ್ಚು ಶುರುವಾದದ್ದು ಈ ಅಕ್ಷರದಲ್ಲೇ. 1611ರ ಕಿಂಗ್ ಜೇಮ್ಸ್ ಬೈಬಲ್ ಇದರಲ್ಲೇ ಬಂತು. ಕಾನೂನಿನ ಪುಸ್ತಕಗಳಂತೂ ಬಹುಕಾಲ ಇದನ್ನು ಬಿಡಲಿಲ್ಲ. ವಕೀಲರು ಈಗಲೂ ‘ಬ್ಲ್ಯಾಕ್ ಲೆಟರ್ ಲಾ’ ಎನ್ನುತ್ತಾರಲ್ಲ, ಯಾರೂ ಪ್ರಶ್ನೆ ಮಾಡದ, ಗಟ್ಟಿಯಾಗಿ ನಿಂತ ಕಾನೂನು ಎಂಬ ಅರ್ಥದಲ್ಲಿ, ಅದರಲ್ಲಿ ಇದರ ನೆನಪಿದೆ. ಕ್ರಯಪತ್ರಗಳಿಗೆ ತಲೆಬರಹ ಬರೆಯುವಾಗ ಟೈಪಿಸ್ಟರು ಈ ಫಾಂಟನ್ನೇ ಹುಡುಕುವುದು ಸುಮ್ಮನೆ ಅಲ್ಲ. ಅದನ್ನು ಕಂಡರೆ ಜನ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ನಾನೂ ಹಾಗೇ ನಂಬಿದ್ದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಶಾಲೆಯ ಸರ್ಟಿಫಿಕೇಟ್ ನನ್ನ ಕೈಗೆ ಬಂತು. 300 ಮಕ್ಕಳದ್ದು. ಗೌರವವಾಗಿ ಇರಲಿ ಎಂದು ಪ್ರತಿ ಮಗುವಿನ ಹೆಸರನ್ನೂ ಓಲ್ಡ್ ಇಂಗ್ಲಿಷ್‌ನಲ್ಲಿ ಹಾಕಿದೆ. ಅದೂ ಪೂರ್ತಿ ದೊಡ್ಡಕ್ಷರದಲ್ಲಿ. ಪರದೆಯ ಮೇಲೆ ಜರತಾರಿ ಅಂಚಿನ ಹಾಗೆ ಕಾಣುತ್ತಿತ್ತು. ಸಮಾರಂಭ ಮುಗಿದ ಮಾರನೇ ದಿನ ಒಬ್ಬ ತಾಯಿ ಅಂಗಡಿಗೇ ಬಂದರು. ಅವರ ಮಗಳ ಹೆಸರು ‘ವಿ’ಯಿಂದ ಶುರುವಾಗುತ್ತಿತ್ತು. ಈ ಜಾತಿಯ ಅಕ್ಷರದಲ್ಲಿ ದೊಡ್ಡ ‘ವಿ’ಗೂ ‘ಬಿ’ಗೂ ಹೆಚ್ಚು ದೂರವಿಲ್ಲ. ವೇದಿಕೆಯ ಮೇಲೆ ಓದಿದವರು ತಡವರಿಸಿ ಬೇರೇನೋ ಕೂಗಿದ್ದಾರೆ. ಮಗು ಎದ್ದು ಹೋಗಿಲ್ಲ.

“ಇದು ನನ್ನ ಮಗಳ ಹೆಸರೇನಾ ಅಂತ ನೀವೇ ಓದಿ ಹೇಳಿ” ಎಂದು ಸರ್ಟಿಫಿಕೇಟನ್ನು ನನ್ನ ಮುಂದಿಟ್ಟರು. ಗದರಲಿಲ್ಲ. ಅದೇ ಹೆಚ್ಚು ನೋಯಿಸಿತು. ಆ ರಾತ್ರಿ ಅಷ್ಟನ್ನೂ ಮತ್ತೆ ಮಾಡಿದೆ.

ತಪ್ಪು ಎಲ್ಲಿ ಎಂದು ಆಮೇಲೆ ತಿಳಿಯಿತು. ಈ ಲಿಪಿಯ ದೊಡ್ಡಕ್ಷರ ಒಂಟಿಯಾಗಿ ನಿಲ್ಲಲು ಹುಟ್ಟಿದ್ದು. ದೇವಸ್ಥಾನದ ಬಾಗಿಲವಾಡದ ಹಾಗೆ, ಒಂದು ಸಾಲಿಗೆ ಒಂದು. ಒಳಗೆ ಜೋಡಿ ಗೆರೆ, ಕೂದಲೆಳೆ, ಬಳುಕು ಎಲ್ಲ ಇರುತ್ತದೆ. ಅದರ ಹಿಂದೆ ಸರಳವಾದ ಸಣ್ಣಕ್ಷರ ಸಾಲಾಗಿ ನಿಂತರೆ ಚೆಂದ. ಎಂಟು ಬಾಗಿಲವಾಡವನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಸಣ್ಣಕ್ಷರಗಳ ನಡುವೆ ಜಾಗ ಬಿಡಿಸುವುದೂ ಇದಕ್ಕೆ ಆಗದು. ನೇಯ್ಗೆ ಬಿಚ್ಚಿಕೊಂಡ ಹಾಗಾಗುತ್ತದೆ. ನಮ್ಮೂರಿನ ರಸ್ತೆಯಲ್ಲಿ ಈ ಎರಡು ತಪ್ಪನ್ನೂ ದಿನಾ ನೋಡುತ್ತೇನೆ. ಕಾರಿನ ಹಿಂದಿನ ಗಾಜಿಗೆ ಅಂಟಿಸಿದ ಮನೆತನದ ಹೆಸರು, ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಂಡ ಮಗುವಿನ ಹೆಸರು. ಹಚ್ಚೆಯನ್ನಂತೂ ಮತ್ತೆ ಪ್ರಿಂಟ್ ಹಾಕಲು ಬರುವುದಿಲ್ಲ. ದಯವಿಟ್ಟು ಮೊದಲ ಅಕ್ಷರ ಮಾತ್ರ ದೊಡ್ಡದು ಮಾಡಿಸಿ, ಉಳಿದದ್ದು ಸಣ್ಣಕ್ಷರದಲ್ಲಿ ಇರಲಿ. ಬೈಕಿನ ನಂಬರ್ ಪ್ಲೇಟಿಗಂತೂ ಇದು ಬೇಡವೇ ಬೇಡ. ಅಲ್ಲಿ ಅಲಂಕಾರದ ಅಕ್ಷರ ಕಾನೂನಿಗೇ ವಿರುದ್ಧ.

ಇನ್ಸ್ಟಾಗ್ರಾಮ್‌ನಲ್ಲಿ ಹೆಸರನ್ನು ಹೀಗೆ ಬರೆದುಕೊಳ್ಳುವ ಹುಡುಗರಿಗೂ ಒಂದು ಮಾತು. ಅದು ಫಾಂಟಲ್ಲ. ಗಣಿತದವರಿಗಾಗಿ ಯೂನಿಕೋಡಿನಲ್ಲಿ ಇಟ್ಟಿರುವ ಬೇರೆಯೇ ಚಿಹ್ನೆಗಳು. ಗಣಿತದಲ್ಲಿ ಲೀ ಆಲ್ಜಿಬ್ರಾ ಎಂಬ ವಿಷಯಕ್ಕೆ ಈ ಲಿಪಿಯ ಸಣ್ಣ ‘ಜಿ’ಯನ್ನು ಬಳಸುವುದು ರೂಢಿ. ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್ ಬಳಸುತ್ತಾರಲ್ಲ, ಅದಕ್ಕೆ ಇವು ಅಕ್ಷರಗಳೆಂದು ಗೊತ್ತಾಗದೆ ಹೋಗಬಹುದು. ಹೆಸರಿನ ಬದಲು ಗಣಿತದ ಚಿಹ್ನೆಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತದೆ, ಇಲ್ಲವೇ ಹಾರಿಸಿಬಿಡುತ್ತದೆ.

ಈ ಅಕ್ಷರ ಕಂಡರೆ ಹಿಟ್ಲರನ ನೆನಪಾಗುತ್ತದೆ ಎಂದು ಒಬ್ಬ ಗಿರಾಕಿ ಬೇಡವೆಂದಿದ್ದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಮೊದಲು ನಾಜಿಗಳು ಇದನ್ನು ತಮ್ಮದೆಂದು ಮೆರೆಸಿದ್ದರು. ಆದರೆ 1941ರ ಜನವರಿ 3ರಂದು ಅವರೇ ಒಂದು ಸುತ್ತೋಲೆ ಹೊರಡಿಸಿ ಇದನ್ನು ನಿಲ್ಲಿಸಿದರು. ನಾಜಿ ಪಕ್ಷದ ಅಧಿಕಾರಿ ಬೋರ್ಮನ್ ಸಹಿ ಮಾಡಿದ ಆ ಸುತ್ತೋಲೆ ಇದು ಯಹೂದಿಗಳ ಅಕ್ಷರ ಎಂಬ ಹಸಿ ಸುಳ್ಳನ್ನು ಹೇಳಿತು. ಆ ಕಾಗದದ ತಲೆಬರಹ ಇದ್ದದ್ದೂ ಅದೇ ಲಿಪಿಯಲ್ಲಿ. ನೂರಾರು ವರ್ಷ ಜರ್ಮನ್ ಮಕ್ಕಳು ಕಥೆ, ಪಂಚಾಂಗ, ಪ್ರಾರ್ಥನೆ ಎಲ್ಲವನ್ನೂ ಓದಿದ ಅಕ್ಷರ ಹೀಗೆ ಒಂದು ಕಾಗದದಿಂದ ಪಕ್ಕಕ್ಕೆ ಸರಿಯಿತು.

ಆ ಮಕ್ಕಳಲ್ಲಿ ನಮಗೆ ಬೇಕಾದವರೂ ಇದ್ದರು. ಎಂ.ಜಿ. ರಸ್ತೆ ಕಡೆ ಮೇಯೋ ಹಾಲ್ ಹತ್ತಿರ ಹೋದಾಗಲೆಲ್ಲ ಕಿಟ್ಟೆಲ್ ಪ್ರತಿಮೆ ನೋಡುತ್ತೇನೆ. 1832ರಲ್ಲಿ ಜರ್ಮನಿಯ ಒಂದು ಮೂಲೆಯಲ್ಲಿ ಹುಟ್ಟಿದವರು. ಅಲ್ಲಿ ಆಗ ಪುಸ್ತಕಗಳು ಹೆಚ್ಚಾಗಿ ಫ್ರಾಕ್ಟೂರ್‌ನಲ್ಲೇ ಅಚ್ಚಾಗುತ್ತಿದ್ದವು. ಅದು ಈ ಲಿಪಿಯದೇ ಒಂದು ಬಗೆ. ಹೆಸರಿನ ಅರ್ಥ ‘ಮುರಿದದ್ದು’. ದುಂಡಗೆ ಹೋಗಬೇಕಾದ ಗೆರೆಯನ್ನು ತುಂಡು ತುಂಡಾಗಿ ಮುರಿದು ಬರೆಯುವುದರಿಂದ ಆ ಹೆಸರು. ಅಂಥ ಮುರಿದ ಅಕ್ಷರದಲ್ಲಿ ಓದು ಕಲಿತಿದ್ದಿರಬೇಕಾದ ಮನುಷ್ಯ ಮುಂದೆ ನಮ್ಮ ದುಂಡು ಅಕ್ಷರಕ್ಕೆ ಜೀವ ತೇದರು. ಅವರ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 1894ರಲ್ಲಿ ಅಚ್ಚಾಯಿತು, ಸುಮಾರು 70,000 ಪದ. ಒಂದು ಲಿಪಿಯಿಂದ ಇನ್ನೊಂದಕ್ಕೆ ಅವರ ಕೈ ಹೇಗೆ ಹೊರಳಿತೋ. ಹುಡುಗನ ‘ಯಾಕಿಲ್ಲ’ ಕೇಳಿದ ಮೇಲೆ ನನ್ನ ಯೋಚನೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಒಂದು ಭಾನುವಾರ ಊಟದ ಮೇಜು ಖಾಲಿ ಮಾಡಿ ಕೂತೆ. 3.8 ಮಿಲಿಮೀಟರ್ ಅಗಲದ ಚಪ್ಪಟೆ ನಿಬ್ಬಿನ ಪೆನ್ನು, ಗ್ರಾಫ್ ಹಾಳೆ. ಅಕ್ಷರದ ಎತ್ತರ ನಿಬ್ಬಿನ ಐದರಷ್ಟು, ಅಂದರೆ 19 ಮಿಲಿಮೀಟರ್. ನಿಬ್ಬನ್ನು 45 ಡಿಗ್ರಿ ಓರೆ ಹಿಡಿದು ಮೊದಲು ‘ರ’ ಬರೆದೆ. ದುಂಡನ್ನು ಆರು ತುಂಡು ಮಾಡಿದೆ. ತಲೆಕಟ್ಟು ಎಳೆದಾಗ ಮೈ ಜುಮ್ಮೆಂದಿತು. ಆ ಓರೆ ನಿಬ್ಬಿಗೆ ತಲೆಕಟ್ಟು ತಾನಾಗಿಯೇ ಒಲಿಯುತ್ತದೆ. ಗುಟೆನ್‌ಬರ್ಗನ ಅಕ್ಷರದ ತಲೆಯ ಮೇಲಿರುವ ಅದೇ ವಜ್ರದ ಮೊನೆ.

ಆದರೆ ಹೊಟ್ಟೆ ಖಾಲಿ ಕಂಡಿತು. ದೊಡ್ಡಕ್ಷರಗಳ ಒಳಗೆ ಹಾಕುವ ಹಾಗೆ ನಡುವೆ ಒಂದು ಪುಟ್ಟ ವಜ್ರ ಇಟ್ಟೆ. ‘ರ’ ಹೋಯಿತು. ‘ಠ’ ಆಯಿತು.

ನಗಬೇಡಿ, ನನಗೆ ಎದೆ ಧಸಕ್ಕೆಂದಿತು. ‘ಪ’ ಬರೆದೆ. ಮುರಿದ ಗೆರೆಯ ಮೊನೆ ಒಳಗೆ ಇಣುಕಿದರೆ ಸಾಕು, ಕಣ್ಣು ‘ಷ’ ಎಂದು ಓದುತ್ತದೆ. ‘ದ’ ಬರೆದೆ. ಬುಡದಲ್ಲಿ ಗೆರೆ ಮುರಿದು ಸಣ್ಣ ಸೀಳು ಬಿಟ್ಟಿತು. ‘ಧ’ ಆಯಿತು. ‘ಬ’ ಸೀಳಿದರೆ ‘ಭ’, ‘ಡ’ ಸೀಳಿದರೆ ‘ಢ’. ಜರ್ಮನ್ ಅಕ್ಷರವನ್ನು ಎಷ್ಟು ಮುರಿದರೂ ಅದರ ಉಚ್ಚಾರ ಅದೇ. ಕನ್ನಡದಲ್ಲಿ ಮುರಿದರೆ ಅಲ್ಪಪ್ರಾಣ ಮಹಾಪ್ರಾಣವಾಗುತ್ತದೆ. ಹೊಟ್ಟೆಯೊಳಗಿನ ಚುಕ್ಕಿಗೆ, ಕೆಳಗಿನ ಸೀಳಿಗೆ, ತುದಿಯ ಸುರುಳಿಗೆ ನಮ್ಮವರು ಆಗಲೇ ಕೆಲಸ ಹಂಚಿಬಿಟ್ಟಿದ್ದಾರೆ. ಅಲಂಕಾರಕ್ಕೆಂದು ಖಾಲಿ ಬಿಟ್ಟ ಜಾಗವೇ ಇಲ್ಲ. ಹುಡುಗಿಯ ಹೆಸರಿನಲ್ಲಿ ಒಂದು ‘ಣ’ ಬೇರೆ ಇತ್ತು. ಕಾಲು ಚಾಚಿ ಕೂರುವ ಅಕ್ಷರ ಅದು. ಅದನ್ನು ಕಿರಿದು ಮಾಡಿದರೆ ಬರೀ ಸರಳುಗಳು. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳನ್ನು ಅಷ್ಟು ಹತ್ತಿರ ಪೇರಿಸಲೂ ಬರುವುದಿಲ್ಲ.

ನಮ್ಮ ಅಕ್ಷರ ದುಂಡಗಾದದ್ದು ತಾಳೆಗರಿಯಿಂದ ಎಂದು ಬಲ್ಲವರು ಹೇಳುತ್ತಾರೆ. ಕಬ್ಬಿಣದ ಕಂಟದಿಂದ, ಅಂದರೆ ಚೂಪು ಮೊನೆಯ ಲೇಖನಿಯಿಂದ, ಕೊರೆಯುವಾಗ ನಾರಿನ ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿಯೂ ಬರೆದರು. ಅಲ್ಲಿ ಪುಟ ಕಪ್ಪು, ಅಕ್ಷರ ಬಿಳಿ. ಯಾವುದರಲ್ಲೂ ಅಗಲ ನಿಬ್ಬಿನ ಓರೆಯ ದಪ್ಪ ತೆಳುವಿನ ಆಟವಿಲ್ಲ. ಹುಡುಗನಿಗೆ ಕೊಡಬೇಕಾದ ಉತ್ತರದ ಅರ್ಧ ಅಲ್ಲಿ ಸಿಕ್ಕಿತು.

ಇನ್ನರ್ಧಕ್ಕೆ ರೊಟುಂಡಾ ನೆನಪಾಯಿತು. ಅದೇ ನಿಬ್ಬನ್ನು 30 ಡಿಗ್ರಿಗೆ ಇಳಿಸಿದೆ. ಮುರಿಯುವುದನ್ನು ಬಿಟ್ಟೆ. ‘ರ’ದ ದುಂಡನ್ನು ಎರಡೇ ಎಳೆತದಲ್ಲಿ ಸುತ್ತಿದೆ. ಪಕ್ಕದಲ್ಲಿ ದಪ್ಪ, ಮೇಲೆ ಕೆಳಗೆ ತೆಳು. ಹೊಟ್ಟೆ ಖಾಲಿ ಇರಲಿ ಎಂದು ಬಿಟ್ಟೆ. ತಲೆಕಟ್ಟಿಗೆ ಮಾತ್ರ ವಜ್ರದ ಮೊನೆ ಉಳಿಸಿದೆ. ಅಕ್ಷರಗಳನ್ನು ಹತ್ತಿರ ಹತ್ತಿರ ಕೂರಿಸಿ, ಒಳಗಿನ ಬಿಳಿಯೂ ನಡುವಿನ ಬಿಳಿಯೂ ಸಮ ಆಗುವ ತನಕ ಮತ್ತೆ ಮತ್ತೆ ಬರೆದೆ. ‘ಣ’ಗೆ ಅದು ಕೇಳಿದಷ್ಟು ಅಗಲ ಕೊಟ್ಟೆ. ದೀಪ ಹಚ್ಚುವ ಹೊತ್ತಿಗೆ ಎರಡು ಹೆಸರು ಸಿಕ್ಕವು. ಇಂಗ್ಲಿಷ್ ಹೆಸರಿನ ಪಕ್ಕ ಇಟ್ಟು ಕಣ್ಣು ಅರ್ಧ ಮುಚ್ಚಿ ನೋಡಿದೆ. ಒಂದೇ ಮಗ್ಗದ ಎರಡು ಬಟ್ಟೆ.

ಬುಧವಾರ ತಾಯಿ ಮಗ ಇಬ್ಬರೂ ಬಂದರು. ಇಂಗ್ಲಿಷ್ ಕಡೆ ಇಬ್ಬರ ಮೊದಲಕ್ಷರ ಮಾತ್ರ ದೊಡ್ಡದಾಗಿ ಹೊನ್ನಿನ ಫಾಯಿಲ್‌ನಲ್ಲಿ, ಹೆಸರಿನ ಉಳಿದ ಭಾಗ ಅದೇ ಲಿಪಿಯ ಸಣ್ಣಕ್ಷರದಲ್ಲಿ. ಛತ್ರ, ಮುಹೂರ್ತ, ದಾರಿ ಎಲ್ಲ ಸಾದಾ ಅಕ್ಷರದಲ್ಲಿ. ಕನ್ನಡ ಕಡೆ ನಾನು ಬರೆದ ಹೆಸರು ಕುಂಕುಮದ ಬಣ್ಣದಲ್ಲಿ.

ಹುಡುಗ ಕನ್ನಡದ ಕಡೆಯನ್ನೇ ತುಂಬ ಹೊತ್ತು ನೋಡಿದ. ಎದೆಯ ಮೇಲಿನ ಅಕ್ಷರದ ಹಾಗಿಲ್ಲ ಎನ್ನುತ್ತಾನೇನೋ ಎಂದುಕೊಂಡೆ. ‘ರ’, ‘ಠ’ ಬರೆದ ಗ್ರಾಫ್ ಹಾಳೆಯನ್ನು ಅವನ ಮುಂದೆ ಹರಡಿ ಯಾಕಿಲ್ಲ ಎಂದು ತೋರಿಸಿದೆ. “ಈ ಹಾಳೆ ನನಗೆ ಕೊಡ್ತೀರಾ ಅಕ್ಕಾ?” ಎಂದು ಕೇಳಿ ಮಡಚದೆ ಸುರುಳಿ ಸುತ್ತಿಕೊಂಡ.

ಅವನ ಅಮ್ಮ ಕನ್ನಡಕ ಹಾಕಿಕೊಳ್ಳದೆಯೇ ಸೊಸೆಯ ಹೆಸರನ್ನು ಗಟ್ಟಿಯಾಗಿ ಓದಿದರು. ಆಮೇಲೆ ಕಾರ್ಡು ತಿರುಗಿಸಿ ಹೊನ್ನಿನ ಅಕ್ಷರದ ಮೇಲೆ ಬೆರಳಾಡಿಸಿದರು.

“ಇದು ಓದೋಕೆ ಬರಲ್ಲಮ್ಮಾ ನನಗೆ. ನೋಡೋಕೆ ಚೆನ್ನಾಗಿದೆ, ಇರಲಿ. ನಾಲ್ಕು ಮೂಲೆಗೂ ಅರಿಶಿನ ಹಚ್ಚೋಕೆ ಜಾಗ ಬಿಟ್ಟಿದ್ದೀಯಾ?”

ಅಂಚಿನ ಬಳ್ಳಿಯನ್ನು ಅರ್ಧ ಇಂಚು ಒಳಕ್ಕೆ ತಂದು ಪ್ರೆಸ್ಸಿಗೆ ಕಳಿಸಿದೆ.